ಅಮ್ಮನ ಪೂಜೆಯ ಸ್ಟೂಲು

ಮಂಡಿ ಮಡಚಿ ನೆಲದ ಮೇಲೆ ಕೂರಬೇಡಿ ಎಂದು ಮಧುಗಿರಿಯ ಡಾಕ್ಟರು ಹೇಳಿದ ಮೇಲೆ, ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಲಿಂಗಪೂಜೆ ಮಾಡುತ್ತಿದ್ದಳು. ಒಂದು ದಿನ ಕುರ್ಚಿಯ ಕಾಲು ಮುರಿದು ಬಿದ್ದಳು. ಇನ್ನೊಮ್ಮೆ ಬಿದ್ದರೆ ಓಡಾಡುವುದೇ ಕಷ್ಟ ಎಂದರು ಡಾಕ್ಟರು. ಹಾಗಾಗಿ ಬೇವಿನ ಮರದಲ್ಲಿ ನಾನೇ ಒಂದು ಸ್ಟೂಲು ಮಾಡಲು ಹೊರಟೆ. ಪೂಜೆಗೆ ಕೂರುವ ಮಣೆಯಲ್ಲಿ ಕಬ್ಬಿಣ ಇರಬಾರದೆಂಬುದು ನಮ್ಮ ಮನೆಯ ಪದ್ಧತಿ. ಮೊಳೆ ಹೊಡೆಯುವಂತಿಲ್ಲ, ಹಲಗೆಗೆ ತೂತು ಕೊರೆದು, ಕಾಲುಗಳ ತಲೆ ಕೆತ್ತಿ, ಬಿಗಿಯಾಗಿ ಕೂರಿಸಬೇಕು.

ಮೂರು ಕಾಲು ಗಟ್ಟಿಯಾಗಿ ಕೂತವು. ನಾಲ್ಕನೆಯದರ ತಲೆಯನ್ನು ತುಸು ಹೆಚ್ಚೇ ಕೆತ್ತಿಬಿಟ್ಟಿದ್ದೆ. ತೂತಿಗಿಟ್ಟರೆ ಲೊಡಲೊಡ ಅಲ್ಲಾಡಿತು. ಒಂದು ಮೊಳೆ ಹೊಡೆದು ಮೇಲೆ ಮೇಣ ಮೆತ್ತಿದರೆ ಯಾರಿಗೆ ಕಂಡೀತು ಎಂದು ಮೊಳೆ ಎತ್ತಿಕೊಂಡೆ.

"ಲೇ, ಅದನ್ನ ಅತ್ಲಾಗಿಕ್ಕು," ಎಂದಳು ಅಮ್ಮ ಬಾಗಿಲಿನಿಂದ. "ಗುದ್ಲಿ ಕಾವು ಸಡ್ಲಾದ್ರೆ ಬಟ್ಟೆ ಸುತ್ತಿ ಬಡಿಯಲ್ವೇನ್ಲಾ? ಇದೂ ಅಂಗೇಯ."

ಹಳೆಯ ಸೀರೆಯ ಚೂರು ಹರಿದುಕೊಟ್ಟಳು. ಹುಣಸೆಬೀಜದ ಪುಡಿಯನ್ನು ಅಂಟಾಗುವಂತೆ ಕಾಯಿಸಿಯೂ ಕೊಟ್ಟಳು. ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಕಾಲಿನ ತಲೆಗೆ ಸುತ್ತಿ, ತೂತಿಗೆ ಬಡಿದೆ.

ಅಂಟೆಲ್ಲ ಒಣಗಿದ ಮೇಲೆ ಅಮ್ಮ ಸ್ನಾನ ಮಾಡಿ ಬಂದು ಕೂತಳು. ಸ್ಟೂಲು ಕರ್ರೆಂದಿತು. ನಾನು ಓಡಿಹೋಗಿ ಹಲಗೆಯ ಕೆಳಗೆ ಎರಡೂ ಕೈ ಕೊಟ್ಟೆ.

"ಐದ್ನೇ ಕಾಲು ನೀನೇನ್ಲಾ? ಕೈ ತಗಿ, ಶಿವನ್ನ ನೆನೆಯಾಕೆ ಬುಡು."

ಕೈ ತೆಗೆದೆ. ಸ್ಟೂಲು ಅಲ್ಲಾಡಲಿಲ್ಲ. ಆದರೂ ಅವಳು ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಏಳುವವರೆಗೆ, ದೇವರ ಮನೆಯಲ್ಲಿ ನಿಂತು ನಾನು ನೋಡಿದ್ದು ಆ ನಾಲ್ಕನೆಯ ಕಾಲನ್ನೇ.