ಕೈಗೆ ಕೊಡದ ಉಪ್ಪು

ಇವತ್ತು ಬೆಳಿಗ್ಗೆ ಅತ್ತೆಯ ಗಂಜಿಗೆಂದು ಉಪ್ಪಿನ ಡಬ್ಬಿ ತೆಗೆದಾಗ ನನಗೆ ನೆನಪಾದದ್ದು ಒಂದು ನೀರಿನ ಪಂಪು. ನಗಬೇಡಿ. ನನ್ನ ಸಂಸಾರದಲ್ಲಿ ಎರಡಕ್ಕೂ ಹತ್ತಿರದ ನಂಟಿದೆ.

ಮದುವೆಯಾಗಿ ಬೊರಿವಲಿಗೆ ಬಂದ ಹೊಸತು. ಮುಂಬಯಿಯದೇ ದಾದರಿನಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡ ಅರ್ಧ ಹಿಂದಿ. ಅತ್ತೆಯದು ಅಪ್ಪಟ ಉಡುಪಿ. ಅಡುಗೆಮನೆಯಲ್ಲಿ ಉಪ್ಪು ಕೇಳಿ ಕೈ ಚಾಚಿದರೆ ಅವರು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಸರಿದುಬಿಡುತ್ತಿದ್ದರು. ನನ್ನ ಕೈ ಗಾಳಿಯಲ್ಲೇ. ಸೊಸೆಯ ಕೈ ಸೋಕಿದರೆ ಮೈಲಿಗೆಯಿರಬೇಕು ಎಂದುಕೊಂಡು ಒಳಗೊಳಗೇ ಕುದಿದೆ. ಬೇರೆ ಮನೆ ಮಾಡೋಣವೆಂದು ಗಂಡನಿಗೆ ಹೇಳಿಯೂ ಆಗಿತ್ತು. ಮುಂಬಯಿಯಲ್ಲಿ ಬೇರೆ ಮನೆ ಎಂದರೆ ಬೆದರಿಕೆಯಲ್ಲ, ಹಾಸ್ಯ. ಆದರೆ ನಾನು ಹಾಸ್ಯಕ್ಕೆ ಹೇಳಿರಲಿಲ್ಲ.

ಆಗ ಆಫೀಸಿನಲ್ಲಿ, ಬಿಲ್ಡಿಂಗುಗಳ ಟ್ಯಾಂಕಿಗೆ ನೀರೇರಿಸುವ ಪಂಪನ್ನು ನಡೆಸುವ ಪುಟ್ಟ ಯಂತ್ರ ಮಾಡುತ್ತಿದ್ದೆವು. ನೀರಿನ ಮಟ್ಟ ಲೆಕ್ಕ ಹಾಕುವ ಹಳೆಯ ಕೋಡನ್ನು ಯಂತ್ರದ ಭಾಷೆಗೆ ಇಳಿಸಿದ್ದು ಒಂದು ಕಂಪೈಲರು, ನನ್ನ ಹೊಸ ಕೋಡನ್ನು ಇನ್ನೊಂದು. ಬೇರೆ ಬೇರೆಯಾಗಿ ಎರಡೂ ಚಿನ್ನ. ಜೋಡಿಸುವಾಗಲೂ ಒಂದು ತಕರಾರಿಲ್ಲ. ಓಡಿಸಿದರೆ ಮಾತ್ರ ತುಂಬಿದ್ದನ್ನು ಖಾಲಿ ಎನ್ನುತ್ತಿತ್ತು. ಪರೀಕ್ಷೆಯ ಬಕೆಟ್ ಉಕ್ಕಿ ನನ್ನ ಚಪ್ಪಲಿ ತೇಲಿತು.

ಆ ಸಂಜೆ ಒದ್ದೆ ಚಪ್ಪಲಿಯಲ್ಲೇ ಲೋಕಲ್ ಟ್ರೈನ್ ಹಿಡಿದು ಬಂದು, ಸಾರಿಗೆ ಹಾಕಲು ಉಪ್ಪು ಕೇಳಿದೆ. ಡಬ್ಬಿ ಕಟ್ಟೆಗೆ ಹೋಯಿತು. ನನ್ನ ತಾಳ್ಮೆಯೂ ಹೋಯಿತು.

"ನನ್ನ ಕೈ ಮುಟ್ಟಿದ್ರೆ ನಿಮ್ಗೇನ್ ಪ್ರಾಬ್ಲಮ್, ಅತ್ತೆ?"

ಅವರು ಬೆಪ್ಪಾಗಿ ನೋಡಿದರು. "ಎಂತ ಹೇಳ್ತಿ ಮಾರಾಯ್ತಿ! ಉಪ್ಪು ಕೈಗೆ ಕೊಡ್ಲಿಕ್ಕಿಲ್ಲ, ಜಗಳ ಆಗ್ತದೆ. ನಿನ್ನತ್ರ ಜಗಳ ಆಡ್ಲಿಕ್ಕೆ ನಂಗೆ ಮನಸ್ಸಿಲ್ಲ. ನಿನ್ನ ಅಮ್ಮ ಹೇಳ್ಲಿಲ್ವಾ?"

ಹೇಳಿರಲಿಲ್ಲ. ನಮ್ಮಮ್ಮ ಉಪ್ಪೇನು, ಚಾಕುವನ್ನೂ ಕೈಗೇ ಕೊಡುವವಳು. ನಾಚಿಕೆಯಾಯಿತು, ನಗುವೂ ಬಂತು. ಸಾರು ಕುದಿಯುವಷ್ಟರಲ್ಲಿ ಬಕೆಟ್ ಯಾಕೆ ಉಕ್ಕಿತೆಂಬುದೂ ಹೊಳೆಯಿತು. ನನ್ನ ಕೋಡ್ ನೀರಿನ ಅಳತೆಯ ಅಂಕಿಯನ್ನು ಪ್ರೊಸೆಸರಿನೊಳಗಿನ ರಿಜಿಸ್ಟರಿನಲ್ಲಿ, ಅಂದರೆ ನೇರ ಕೈಗೇ ಕೊಡುತ್ತಿತ್ತು. ಹಳೆಯದು ಅದನ್ನು ಮೆಮೊರಿಯ ಕಟ್ಟೆಯ ಮೇಲೆ ಹುಡುಕಿ, ಅಲ್ಲಿ ಬಿದ್ದಿದ್ದ ಕಸವನ್ನು ಎತ್ತಿಕೊಳ್ಳುತ್ತಿತ್ತು. ಮರುದಿನ ಎರಡರ ನಡುವೆ ನಾಲ್ಕು ಸಾಲು ಬರೆದೆ: ಕೈಯಿಂದ ತಗೋ, ಕಟ್ಟೆಯ ಮೇಲಿಡು. ಬಕೆಟ್ ತುಂಬಿತು, ಪಂಪು ನಿಂತಿತು. ಬೇರೆ ಮನೆಯ ಮಾತೂ ನಿಂತಿತು.

ಅಂದಿನಿಂದ ನಾನೂ ಅವರಿಗೆ ಉಪ್ಪನ್ನು ಕೈಗೆ ಕೊಟ್ಟವಳಲ್ಲ. ಇವತ್ತೂ ಮೇಜಿನ ಮೇಲೇ ಇಟ್ಟೆ. ಮೊನ್ನೆಯಷ್ಟೇ ಅವರ ಕಣ್ಣಿನ ಆಪರೇಷನ್ ಆಗಿದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಕೈ ಡಬ್ಬಿಯ ಆಚೀಚೆ ತಡಕಾಡುತ್ತಿತ್ತು. ನನಗೆ ನೋಡಲಾಗಲಿಲ್ಲ. ಡಬ್ಬಿ ಎತ್ತಿ ಅವರ ಅಂಗೈಗೇ ಇಟ್ಟು, ಬೆರಳುಗಳನ್ನು ಮಡಚಿ ಹಿಡಿದುಕೊಂಡೆ.

"ಅಯ್ಯೋ, ಜಗಳ ಆಗ್ತದೆ ಮಾರಾಯ್ತಿ!"

"ಆಗ್ಲಿ ಅತ್ತೆ. ಮೊದ್ಲು ಪಟ್ಟಿ ಬಿಚ್ಲಿ, ಆಮೇಲೆ ಜೋರಾಗಿ ಆಡೋಣ."

ಅವರು ನಕ್ಕರು. ಕೈ ಬಿಡಿಸಿಕೊಳ್ಳಲಿಲ್ಲ.