ಕೇಳದೆ ಒಳಗೆ ಬರುವಂತಿಲ್ಲ

ತೊಂಬತ್ತೆಂಟರ ಚಳಿಗಾಲ, ಪರದೇಶದಲ್ಲಿ, ಆಮ್ಸ್ಟೆಲ್‌ವೀನ್‌ನ ಬಾಡಿಗೆ ಮನೆ. ಹೀಟರ್ ಕೆಟ್ಟರೆ ಸರಿಮಾಡಿಸುವುದು ಅಲ್ಲಿ ಓನರ್ ಜವಾಬ್ದಾರಿ. ಅದಕ್ಕೆಂದು ಬಂದ ಓನರಮ್ಮ ಬಾಗಿಲಲ್ಲೇ ನಿಂತು, "ಒಳಗೆ ಬರಬಹುದಾ?" ಎಂದರು.

"ನಿಮ್ಮದೇ ಮನೆ, ಬನ್ನಿ!"

"ನೀವು ಇರುವವರೆಗೆ ನಿಮ್ಮದು. ಬೇಡ ಅನ್ನುವ ಹಕ್ಕು ನಿಮಗಿದೆ."

ನನಗೆ ಬಸವನಗುಡಿಯ ಓನರ್ ಆಂಟಿ ನೆನಪಾದರು. ಅವರು ಎಂದೂ ಬಾಗಿಲು ತಟ್ಟಿದವರಲ್ಲ. ನೇರ ಅಡುಗೆಮನೆಗೆ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು, "ಇದೇನೇ, ಸಾರಿಗೆ ಒಗ್ಗರಣೆನೇ ಹಾಕಿಲ್ಲ!" ಎನ್ನುತ್ತಿದ್ದರು. ಆಗ ಮೈ ಉರಿಯುತ್ತಿತ್ತು. ಈಗ ಆ ಮುಚ್ಚಳದ ಸದ್ದೇ ಬೇಕೆನಿಸಿತು.

"ಸುಮ್ಮನೆ ಕಾಫಿಗೆ ಅಂತಾದರೂ ಬರ್ತಾ ಇರಿ," ಎಂದೆ.

"ಛೆ, ನಿಮಗೆ ತೊಂದರೆ ಕೊಡುವುದಿಲ್ಲ," ಎಂದರು. ಮಾತಿಗೆ ತಪ್ಪಲಿಲ್ಲ. ಯಾರನ್ನು ಬೇಕಾದರೂ ಹೊಸ್ತಿಲಾಚೆ ನಿಲ್ಲಿಸುವ ಹಕ್ಕು ನನಗಿತ್ತು; ನಿಲ್ಲಿಸೋಣವೆಂದರೆ ಒಬ್ಬರೂ ಬರಲಿಲ್ಲ.