ಯೂರಿಯಾ ಬಡಿಸುವ ಧರೆಪ್ಪ

ಲೋಕಾಪುರದ ಕಡೆಯ ಧರೆಪ್ಪನಿಗೆ ಕೈ ಬಿಗಿಹಿಡಿದು ಬಡಿಸಿ ಗೊತ್ತೇ ಇಲ್ಲ. ಬೀಗರು ಎಲೆಗೆ ಕೈ ಅಡ್ಡ ಹಿಡಿದರೂ "ಇರ್ಲಿ, ತಗೋರಿ" ಎಂದು ಬೆರಳ ಸಂದಿಯಲ್ಲೇ ತುಪ್ಪ ಸುರಿಯುವ ಆಸಾಮಿ. ಎತ್ತುಗಳಿಗೂ ಅವು ಮುಖ ತಿರುಗಿಸುವ ತನಕ ಹಿಂಡಿ ಇಡುತ್ತಾನೆ. ಕಬ್ಬಿಗಂತೂ ಚೀಲಗಟ್ಟಲೆ ಯೂರಿಯಾ; ಅದು ಹಾಕಿದ್ದನ್ನೆಲ್ಲ ತಿಂದು ಬೆಳೆದು ಅವನ ಮಾನ ಉಳಿಸಿತ್ತು. ಅವನನ್ನು ಕಂಗೆಡಿಸಿದ್ದು ಕಾಲುವೆ ನೀರು ಜಿನುಗುವ ತಗ್ಗಿನಲ್ಲಿ ನಾಟಿದ, ಹೆಂಡತಿ ಮರೆವ್ವ ತವರಿನಿಂದ ತಂದ ಹಳೇ ತಳಿಯ ಭತ್ತ. ಒಂದು ಮಡಿಗೆ ಮರೆವ್ವ ಬರೀ ತಿಪ್ಪೆಗೊಬ್ಬರ ಹಾಕಿದಳು. ಇನ್ನೊಂದಕ್ಕೆ ಧರೆಪ್ಪ ಕಬ್ಬಿಗೆ ಎರಚಿದಂತೆ ಯೂರಿಯಾ ಎರಚಿದ. ಅವಳದು ತೆನೆ ಹೊತ್ತು ನಿಂತಿತು. ಅವನದು ಕಡುಹಸಿರಾಗಿ ಸೊಕ್ಕಿ, ಜೊಳ್ಳಾಗಿ, ನೆಲಕ್ಕೆ ಮಲಗಿತು. ಅಂದಿನಿಂದ ಬದುವಿನ ಮೇಲೆ ಕೂತು ಹೋಗಿಬರುವವರನ್ನೆಲ್ಲ ತಡೆದು ಕೇಳುವುದೇ ಕೆಲಸ: "ಹಾಕಿದ್ದೆಲ್ಲಾ ಎಲ್ಲಿ ಹೋತರೀ?" ನೀರಿಗೆ ಹೋತು ಅಂತ ಒಬ್ಬ, ಗಾಳಿಗೆ ಹಾರಿ ಹೋತು ಅಂತ ಇನ್ನೊಬ್ಬ, ಎರಡೂ ಅವನ ತಲೆಗೆ ಹೋಗಲಿಲ್ಲ. "ಅದಕ್ಕ ಹೊಟ್ಟಿ ತುಂಬಿತ್ತು. ನೀವು ಮತ್ತ ಮತ್ತ ತುರುಕಿದ್ರಿ," ಎಂದಳು ಮರೆವ್ವ. ಚಿಕ್ಕಂದಿನಲ್ಲಿ ಗೌಡರ ದನ ಕಾಯುತ್ತ, ಅವರ ಮನೆಯವರು ಉಂಡು ಮಿಕ್ಕಿದ್ದರಲ್ಲೇ ಬೆಳೆದ ಧರೆಪ್ಪ ನಿಜಕ್ಕೂ ತಿಳಿಯದೆ ಕೇಳಿದ: "ಅಲ್ಲಾ, ಹೊಟ್ಟಿ ತುಂಬೇತಿ ಅನ್ನೂದು ಹೆಂಗ ಗೊತ್ತಾಗತೈತಿ?"